ಕೊನೆಯ ತೂತಿನಲ್ಲಿ ಎಷ್ಟು ಭಾರ

“ಮೇಷ್ಟ್ರೇ, ಕಡಿಮೆ ಬೆಲೆಯ ಮಡಚುವ ಕ್ರೇನ್ ಎರಡಿವೆ. ಎಂಜಿನ್ ಎತ್ತುವುದಕ್ಕೆ ಎರಡರಲ್ಲಿ ಯಾವುದನ್ನು ಆರಿಸಲಿ?” ಎಂದು ಕಾಂತಾಜಮ್ಮಣ್ಣಿ ಕೇಳಿದರು.

ಭಾನುವಾರದ ಪಾಠ ಆಗತಾನೆ ಮುಗಿದಿತ್ತು. ಕಾಳಾಚಾರ್ ಮೇಷ್ಟ್ರು ಮೂವತ್ತು ವರ್ಷ ಮೋಟಾರು ಕೆಲಸ ಕಲಿಸಿ ನಿವೃತ್ತರಾದವರು. ತಮ್ಮ ಗಾಡಿಯನ್ನು ತಾವೇ ರಿಪೇರಿ ಮಾಡಿಕೊಳ್ಳಬೇಕು ಎನ್ನುವವರಿಗೆ ಈಗ ಮನೆಯ ಹಿಂದಿನ ಶೆಡ್ಡಿನಲ್ಲಿ ಹೇಳಿಕೊಡುತ್ತಿದ್ದರು. ಶಿಷ್ಯರು ಹತ್ತು ಹನ್ನೆರಡು ಮಂದಿ. ಅವರಲ್ಲಿ ಕಾಂತಾಜಮ್ಮಣ್ಣಿಯೊಬ್ಬರೇ ಹೆಂಗಸು, ಅರವತ್ತು ದಾಟಿದವರೂ ಅವರೊಬ್ಬರೇ, ಒಂದು ದಿನವೂ ತಡವಾಗಿ ಬಾರದವರೂ ಅವರೊಬ್ಬರೇ.

ಪ್ರಶ್ನೆ ಕೇಳಿದ ಮೇಲೆ ಅವರು ಅದನ್ನು ಕೇಳುತ್ತಿರುವ ಮನೆ ಯಾವುದೆಂಬುದನ್ನೂ ಹೇಳಿದರು. ಅವರ ಮಾವನವರ ತಂದೆ ಅರಮನೆಯ ಲಾಯದ ಉಸ್ತುವಾರಿ ನೋಡಿಕೊಂಡವರು. ಅವರು ಒಪ್ಪಿದ ಕುದುರೆಯ ಹಲ್ಲನ್ನು ಇನ್ನೊಬ್ಬರು ನೋಡುತ್ತಿರಲಿಲ್ಲ. ಮಾವನವರು ಬೀದಿಗೆ ಮೊದಲ ಕಾರು ತಂದವರು. ಪತಿ ಮ್ಯಾಜಿಸ್ಟ್ರೇಟರಾಗಿ ಇಪ್ಪತ್ತೆರಡು ವರ್ಷ ಕೂತರು. ಅವರ ಒಂದು ತೀರ್ಪೂ ಮೇಲಿನ ಕೋರ್ಟಿನಲ್ಲಿ ಬಿದ್ದುಹೋಗಲಿಲ್ಲ. ಮೂರು ತಲೆಮಾರಿನಲ್ಲಿ ಆ ಮನೆಯಿಂದ ಹೊರಟ ಮಾತನ್ನು ಯಾರೂ ಹಿಂದಕ್ಕೆ ಪಡೆದಿಲ್ಲ, ಪಡೆಯುವ ಸಂದರ್ಭವೂ ಬಂದಿಲ್ಲ.

ವಿಷಯ ಇಷ್ಟೇ. ಮಾವನವರ ಕಾರಿನ ಎಂಜಿನ್ನನ್ನು ಇಳಿಸಬೇಕಾಗಿತ್ತು. ಅಂಗಡಿಯಲ್ಲಿದ್ದ ಒಂದು ಕ್ರೇನ್ ಚಿಕ್ಕದು. ಮಡಚಿದರೆ ಬಾಗಿಲ ಹಿಂದೆ ನಿಲ್ಲುತ್ತದೆ, ಮೈಮೇಲೆ ‘ಎರಡು ಟನ್’ ಎಂದು ಬರೆದಿದೆ. ಇನ್ನೊಂದು ಉದ್ದ ಕಾಲಿನದು. ಮಡಚಿದರೂ ಅರ್ಧ ಗೋಡೆ ತಿನ್ನುತ್ತದೆ, ಬೆಲೆಯೂ ಸ್ವಲ್ಪ ಮೇಲೆ, ಬರೆದಿರುವುದು ಮಾತ್ರ ‘ಒಂದು ಟನ್’. ನಲವತ್ತು ವರ್ಷದಿಂದ ಆ ಮನೆಯ ಕಾರು ನೋಡಿಕೊಂಡ ಮೆಕ್ಯಾನಿಕ್ ಖಲಂದರ್ ಸಾಬರು ಚಿಕ್ಕದು ಬೇಡ ಎಂದರಂತೆ. ದೊಡ್ಡದು ಮಾರಿಹೋದರೆ ನಿನಗೆಷ್ಟು ಕಮಿಷನ್ ಎಂದು ಕಾಂತಾಜಮ್ಮಣ್ಣಿ ಅಂಗಡಿಯಲ್ಲೇ ಕೇಳಿದರಂತೆ. ಅಲ್ಲಿದ್ದ ಹತ್ತು ಜನ ನಕ್ಕರಂತೆ. ಸಾಬರು ಎದ್ದು ಹೋದರು. ಮೊನ್ನೆ ಅವರೇ ಹೇಳಿ ಕಳಿಸಿದ್ದರು: ಅಮ್ಮಣ್ಣಿಯವರು ಯಾವ ಕ್ರೇನ್ ತಂದರೂ ಸರಿ, ಗುರುವಾರ ನಾನೇ ಬಂದು ಎತ್ತಿಕೊಡುತ್ತೇನೆ, ಅಂಗಡಿಯವರೂ ಬಂದು ನೋಡಲಿ.

“ತನ್ನ ತಪ್ಪು ಅವನಿಗೇ ತಿಳಿದಿದೆ,” ಎಂದರು ಕಾಂತಾಜಮ್ಮಣ್ಣಿ. “ಅಂದ ಮೇಲೆ ಚಿಕ್ಕದೇ ಸಾಕಲ್ಲವೇ? ನಿಮ್ಮ ಬಾಯಿಂದಲೂ ಒಂದು ಮಾತು ಬರಲಿ ಎಂದು ಕೇಳಿದೆ.”

ಮೇಷ್ಟ್ರು ಕೈಯಲ್ಲಿದ್ದ ಸ್ಪ್ಯಾನರನ್ನು ಒರೆಸಿ ಅದರ ಮೊಳೆಗೆ ತೂಗುಹಾಕಿದರು. ಸ್ಟೂಲು ಎಳೆದುಕೊಂಡು ಕೂತು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಯಜಮಾನನಿದ್ದ. ಅವನ ಮನೆಗೆ ಹೆಸರಿತ್ತು. ಆ ಮನೆಯವರು ಇಂಥ ಹುಡುಗಿ ಒಳ್ಳೆಯವಳು ಎಂದರೆ ಅವಳ ಮದುವೆ ಕೂಡಿಬರುತ್ತಿತ್ತು. ಇಂಥವನು ಸರಿಯಿಲ್ಲ ಎಂದರೆ ಅವನಿಗೆ ಊರಿನಲ್ಲಿ ಇರಲು ಮನೆ ಸಿಗುತ್ತಿರಲಿಲ್ಲ. ಯಜಮಾನ ಕೆಟ್ಟವನಲ್ಲ. ತನ್ನ ಬಾಯಿಗೆ ಎಷ್ಟು ಬಲವಿದೆ ಎಂದು ಅವನು ಯಾವತ್ತೂ ಯೋಚಿಸಿರಲಿಲ್ಲ, ಅಷ್ಟೇ.

ಅವನ ಶೆಡ್ಡಿನಲ್ಲಿ ತಂದೆಯ ಕಾಲದ ಕಾರೊಂದಿತ್ತು. ಉದ್ದ ಮೂತಿಯ ಕಾರು. ಎಂಜಿನ್ನು ಬಹಳ ಹಿಂದೆ, ಮುಂದಿನ ಗಾಜಿನ ಬುಡದಲ್ಲಿ ಕೂತಿತ್ತು. ಅದನ್ನು ಹೊರಗೆ ತೆಗೆದು, ತನ್ನ ಕೈಯಾರೆ ಬಿಚ್ಚಿ ಜೋಡಿಸಬೇಕೆಂದು ಅವನಿಗೆ ಆಸೆಯಾಯಿತು. ಅದಕ್ಕೊಂದು ಮಡಚುವ ಕ್ರೇನ್ ಬೇಕಾಯಿತು.

ಅದೇ ಊರಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಮೂರು ಕಾಲಿನ ಕಬ್ಬಿಣದ ಕಂಬ ಮತ್ತು ಒಂದು ಚೈನ್ ಪುಲ್ಲಿ, ಇವೆರಡು ಅವನ ಆಸ್ತಿ. ಯಾರ ಎಂಜಿನ್ ಇಳಿಸಬೇಕಾದರೂ ಅದನ್ನೇ ಬಾಡಿಗೆಗೆ ಒಯ್ಯುತ್ತಿದ್ದರು. ಆದರೆ ಅವನಿಗೆ ಅನ್ನ ಹಾಕುತ್ತಿದ್ದುದು ಪುಲ್ಲಿಯಲ್ಲ. ಈ ಬ್ರೇಕನ್ನು ನಂಬಬೇಡಿ ಎಂದು ಅವನು ಅಂದರೆ ಜನ ಗಾಡಿಯನ್ನು ಅಲ್ಲೇ ಬಿಟ್ಟು ನಡೆದು ಹೋಗುತ್ತಿದ್ದರು. ಬೇಡ ಎಂಬ ಅವನ ಒಂದು ಮಾತಿಗೆ ಊರು ನಿಲ್ಲುತ್ತಿತ್ತು. ಅವನು ಬದುಕಿದ್ದು ಅದರ ಮೇಲೆ.

ಯಜಮಾನ ಅವನನ್ನು ಅಂಗಡಿಗೆ ಕರೆದುಕೊಂಡು ಹೋದ. ಹೋಗುವ ಮೊದಲು ಮೆಕ್ಯಾನಿಕ್ ಶೆಡ್ಡಿಗೆ ಬಂದು, ಕಾರಿನ ಮೂತಿಯಿಂದ ಎಂಜಿನ್ನಿನ ನಡುಮಧ್ಯದವರೆಗೆ ಒಂದು ದಾರ ಹಿಡಿದು, ಅಲ್ಲಿಗೆ ಗಂಟು ಹಾಕಿಕೊಂಡಿದ್ದ.

ಯಜಮಾನನಿಗೆ ನೋಡಿದೊಡನೆ ಒಂದು ಕ್ರೇನ್ ಹಿಡಿಸಿತು. ಚಿಕ್ಕದು, ಚೊಕ್ಕದು. ಕಾಲು ಮಡಚಿದರೆ ಮೂಲೆಯಲ್ಲಿ ಕೊಡೆಯ ಹಾಗೆ ನಿಲ್ಲುತ್ತಿತ್ತು. ತೋಳಿನ ಮೇಲೆ ದಪ್ಪ ಅಕ್ಷರದಲ್ಲಿ ‘ಎರಡು ಟನ್’ ಎಂದಿತ್ತು. ಕಾರಿನ ಎಂಜಿನ್ನು ಅದರ ಆರರಲ್ಲಿ ಒಂದು ಪಾಲೂ ತೂಗುವುದಿಲ್ಲ. ಇನ್ನು ನೋಡುವುದೇನಿದೆ ಎಂದುಕೊಂಡ.

ಮೆಕ್ಯಾನಿಕ್ ನೆಲದ ಮೇಲೆ ಕೂತ. ಕ್ರೇನಿನ ತೋಳು ಒಂದರೊಳಗೊಂದು ಸೇರುವ ಎರಡು ಕೊಳವೆ. ಒಳಗಿನದನ್ನು ಹೊರಗೆಳೆದು, ಬೇಕಾದ ತೂತಿಗೆ ಪಿನ್ನು ಹಾಕಬೇಕು. ಅಂಥವು ನಾಲ್ಕು ತೂತುಗಳು. ಒಂದೊಂದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಒಂದೊಂದು ಅಂಕಿ. ಮೊದಲನೆಯದರಲ್ಲಿ ಎರಡು ಟನ್. ತೋಳು ಮುಂದೆ ಹೋದಂತೆ ಅಂಕಿ ಇಳಿಯುತ್ತ ಹೋಗಿ, ಕೊನೆಯ ತೂತಿನಲ್ಲಿ ಕಾಲು ಟನ್. ಮೆಕ್ಯಾನಿಕ್ ದಾರವನ್ನು ಕ್ರೇನಿನ ಉದ್ದಕ್ಕೆ ಹಿಡಿದ. ಗಂಟು ಕೊನೆಯ ತೂತಿನ ಕೊಕ್ಕೆಗೆ ಬಂತು. ಅಷ್ಟೇ ಅಲ್ಲ, ನೆಲದ ಮೇಲಿನ ಕಾಲುಗಳು ಮುಗಿದ ಮೇಲೂ ಇನ್ನೊಂದು ಗೇಣು ಮುಂದೆ ಹೋಯಿತು.

ಈ ಕಾರಿಗೆ ಇದು ಸಲ್ಲದು ಎಂದು ಅವನು ಹೇಳಿದ. ಹೆಸರಿಗೆ ಎರಡು ಟನ್, ಆದರೆ ಎಂಜಿನ್ ಇರುವ ಜಾಗದಲ್ಲಿ ಕಾಲು ಟನ್ನೂ ಕಷ್ಟ. ಕಾಲಿಗಿಂತ ಕೊಕ್ಕೆ ಮುಂದಿದ್ದರೆ ಇಡೀ ಕ್ರೇನೇ ಮುಗ್ಗರಿಸುತ್ತದೆ. ಆ ಒಂದು ಟನ್ನಿನದನ್ನು ನೋಡಿ, ಕೊನೆಯ ತೂತಿನಲ್ಲೂ ಅದಕ್ಕೆ ಅರ್ಧ ಟನ್ ಬಲವಿದೆ, ಕಾಲೂ ಉದ್ದ. ದೊಡ್ಡ ಅಂಕಿ ನೋಡಿ ಯಾರೂ ಕ್ರೇನ್ ತರಬಾರದು, ಕೊನೆಯ ಅಂಕಿ ನೋಡಿ ತರಬೇಕು. ಇಷ್ಟನ್ನು ಅವನು ನಿಧಾನವಾಗಿ, ಬೆರಳಿಟ್ಟು ತೋರಿಸಿ ಹೇಳಿದ.

ಅಂಗಡಿಯವನಿಗೆ ಚಿಕ್ಕದು ಮಾರಿಹೋಗಬೇಕಿತ್ತು. “ದಾರ ಹಿಡಿದು ಕ್ರೇನ್ ಅಳೆಯೋದನ್ನ ಇವತ್ತೇ ನೋಡಿದ್ದು ಸ್ವಾಮಿ,” ಎಂದ. “ಟೈಲರನ್ನೂ ಕರೆಸಲಾ?”

ಅಂಗಡಿಯಲ್ಲಿದ್ದವರು ನಕ್ಕರು. ಯಜಮಾನನೂ ನಕ್ಕ. ನಗುವವರ ಮಧ್ಯೆ ತಾನೂ ಒಂದು ಮಾತು ಸೇರಿಸಬೇಕೆನಿಸಿತು. ಮೂಲೆಯಲ್ಲಿ ನಿಲ್ಲುವ ಆ ಚೊಕ್ಕ ಕ್ರೇನ್ ಕೈತಪ್ಪುತ್ತದಲ್ಲ ಎಂಬ ಸಿಟ್ಟೂ ಒಳಗಿತ್ತು.

“ಕ್ರೇನ್ ನನ್ನ ಮನೆಗೆ ಬಂದರೆ ನಿನ್ನ ಪುಲ್ಲಿಗೆ ಬಾಡಿಗೆ ಕೊಡೋರು ಯಾರು? ಅದಕ್ಕೇ ಅಲ್ಲವೇನಯ್ಯಾ ಇಷ್ಟೆಲ್ಲ ಅಳತೆ?” ಎಂದ.

ಈ ಸಲ ನಗು ಜೋರಾಗಿತ್ತು. ಮೆಕ್ಯಾನಿಕ್ ದಾರವನ್ನು ಬೆರಳಿಗೆ ಸುತ್ತಿ ಜೇಬಿಗೆ ಹಾಕಿಕೊಂಡ. ಯಜಮಾನನ ಮುಖವನ್ನು ಒಮ್ಮೆ ನೋಡಿ ಅಂಗಡಿಯ ಮೆಟ್ಟಿಲು ಇಳಿದ. ಯಜಮಾನ ಚಿಕ್ಕ ಕ್ರೇನನ್ನೇ ಮನೆಗೆ ತಂದ. ಆಡಿದ ಮಾತನ್ನು ಸಂಜೆಯೊಳಗೆ ಮರೆತ.

ಊರು ಮರೆಯಲಿಲ್ಲ. ಆ ಮನೆಯ ಯಜಮಾನನೇ ಅಂದ ಮೇಲೆ ಅದು ಬರಿಯ ತಮಾಷೆಯಾಗಿ ಉಳಿಯುವುದು ಹೇಗೆ? ಮೆಕ್ಯಾನಿಕ್ ಯಾರದೋ ಗಾಡಿಯ ಸ್ಟೀರಿಂಗ್ ಸಡಿಲವಾಗಿದೆ ಎಂದರೆ, ಅದಕ್ಕೆಷ್ಟು ಬಾಡಿಗೆ ಎಂದು ಕೇಳಿದರು. ಟೈರು ಬದಲಿಸಿ ಎಂದರೆ, ಟೈರೂ ನಿನ್ನದೇ ಏನು ಎಂದರು. ಟೀ ಅಂಗಡಿಯಲ್ಲಿ ಅವನು ಬೆಂಚಿನ ಮೇಲೆ ಕೂತರೆ ಪಕ್ಕದವನು ಎದ್ದು ನಿಂತು, ಬಾಡಿಗೆ ಬೆಂಚೇನಪ್ಪಾ ಎನ್ನುತ್ತಿದ್ದ. ಇಪ್ಪತ್ತು ದಿನದಲ್ಲಿ, ಬೇಡ ಎಂಬ ಅವನ ಮಾತಿಗೆ ನಿಲ್ಲುವವರು ಯಾರೂ ಉಳಿಯಲಿಲ್ಲ. ಒಬ್ಬ ಲಾರಿಯವನು ನಗುತ್ತಲೇ ಕೆಟ್ಟ ಬ್ರೇಕಿನಲ್ಲಿ ಘಾಟಿ ಇಳಿಯಲು ಹೊರಟುಹೋದ. ಅವನು ಕ್ಷೇಮವಾಗಿ ಊರು ಮುಟ್ಟಿದ. ಜನಕ್ಕೆ ಅದೂ ಒಂದು ಸಾಕ್ಷಿಯಾಯಿತು.

ಆಮೇಲೆ ಮೆಕ್ಯಾನಿಕ್ ಯಜಮಾನನಿಗೆ ಹೇಳಿ ಕಳಿಸಿದ. ನಿಮ್ಮ ಎಂಜಿನ್ನನ್ನು ನಿಮ್ಮ ಕ್ರೇನಿನಲ್ಲೇ ಎತ್ತಿಕೊಡುತ್ತೇನೆ, ಕೂಲಿ ಬೇಡ, ಅವತ್ತು ಅಂಗಡಿಯಲ್ಲಿದ್ದವರೆಲ್ಲ ಬರಲಿ.

ಯಜಮಾನನಿಗೆ ಸಂತೋಷವಾಯಿತು. ಅಂತೂ ದಾರಿಗೆ ಬಂದ ಎಂದು ಹೆಂಡತಿಗೆ ಹೇಳಿದ. ಬಂದವರಿಗೆ ಉಪ್ಪಿಟ್ಟು ಕಾಫಿ ಮಾಡಿಸಿದ.

ಮೆಕ್ಯಾನಿಕ್ ಬೆಳಿಗ್ಗೆ ಹತ್ತು ಗಂಟೆಗೆ ಬಂದ. ಒಗೆದ ಶರ್ಟು ಹಾಕಿದ್ದ. ಸ್ಪ್ಯಾನರಿನ ಚೀಲ ತಂದಿದ್ದ, ಚೈನ್ ಪುಲ್ಲಿ ತಂದಿರಲಿಲ್ಲ. ಅದನ್ನು ತಂದಿದ್ದರೆ ಕೆಲಸ ಅರ್ಧ ಗಂಟೆಯದು. ಆದರೆ ಅದು ಗೇಟಿನೊಳಗೆ ಬಂದಿದ್ದರೆ ಯಜಮಾನ ಅಂಗಡಿಯಲ್ಲಿ ಆಡಿದ ಮಾತು ನಿಜವಾಗಿಬಿಡುತ್ತಿತ್ತು.

ಅವನು ಉಪ್ಪಿಟ್ಟು ಮುಟ್ಟಲಿಲ್ಲ. ಶೆಡ್ಡಿನ ನೆಲ ಗುಡಿಸಿದ. ಮಕ್ಕಳನ್ನು ಗೇಟಿನಾಚೆ ಕಳಿಸಿದ. ನೋಡಲು ಬಂದವರನ್ನು ಗೋಡೆಯ ಪಕ್ಕಕ್ಕೆ ನಿಲ್ಲಿಸಿದ. ಎಂಜಿನ್ನಿನ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿ ಡಬ್ಬಿಗೆ ಹಾಕಿದ. ಕ್ರೇನಿನ ಕಾಲುಗಳನ್ನು ಬಿಡಿಸಿ, ಪಿನ್ನು ಕೂತಿದೆಯೇ ಎಂದು ಎರಡೆರಡು ಸಲ ನೋಡಿದ. ತೋಳನ್ನು ಪೂರ್ತಿ ಎಳೆದು ಕೊನೆಯ ತೂತಿಗೆ ಪಿನ್ನು ಹಾಕಿದ. ಕೊಕ್ಕೆ ಎಲ್ಲಿಗೆ ಬರುತ್ತದೆ, ಕಾಲು ಎಲ್ಲಿಗೆ ಮುಗಿಯುತ್ತದೆ ಎಂಬುದು ಈಗ ದಾರವಿಲ್ಲದೆಯೇ ಎಲ್ಲರಿಗೂ ಕಾಣುತ್ತಿತ್ತು. ಯಜಮಾನನಿಗೂ ಕಂಡಿತು.

ಮೆಕ್ಯಾನಿಕ್ ಅವನನ್ನು ಹಿಂದೆ, ಕ್ರೇನಿನ ತೋಳನ್ನು ಎತ್ತುವ ಜಾಕಿನ ಹಿಡಿಯ ಹತ್ತಿರ ನಿಲ್ಲಿಸಿದ. ಕ್ರೇನ್ ಮುಗ್ಗರಿಸಿದರೂ ಅಲ್ಲಿದ್ದವನಿಗೆ ಏನೂ ಆಗುವುದಿಲ್ಲ. ತಾನು ಮುಂದೆ, ಎಂಜಿನ್ನಿನ ಪಕ್ಕ ನಿಂತ. ಅದು ತೂಗಾಡದಂತೆ ಎರಡು ಕೈಯಲ್ಲಿ ಹಿಡಿಯಬೇಕಾಗಿತ್ತು. ಹಿಡಿದುಕೊಂಡು ತಲೆ ಎತ್ತಿ ಯಜಮಾನನನ್ನು ನೋಡಿದ. ಹಾಗೆಯೇ ಕಾದ.

ಆ ಗಳಿಗೆಯಲ್ಲಿ ಯಜಮಾನನಿಗೆ ಎಲ್ಲವೂ ಅರ್ಥವಾಯಿತು. ಅವತ್ತು ನಾನು ಆಡಿದ್ದು ತಪ್ಪು, ನೀನು ಹೇಳಿದ್ದೇ ಸರಿ, ಹೋಗಿ ಪುಲ್ಲಿ ತಾ ಎಂದರೆ ಮುಗಿಯುತ್ತಿತ್ತು. ಗೋಡೆಯ ಪಕ್ಕ ಅಂಗಡಿಯವನು ಕೈಕಟ್ಟಿಕೊಂಡು ನಿಂತಿದ್ದ. ಉಳಿದವರು ಕಾಫಿ ಲೋಟ ಹಿಡಿದು ನೋಡುತ್ತಿದ್ದರು. ಅವನ ಮನೆಯಲ್ಲಿ, ಅವನ ಅಂಗಳದಲ್ಲಿ, ಇಷ್ಟು ಜನರೆದುರು ಅವನ ತಂದೆಯಾಗಲಿ ಅಜ್ಜನಾಗಲಿ ಅಂಥ ಮಾತು ಆಡಿದ್ದಿಲ್ಲ. ಯಜಮಾನ ಕಣ್ಣು ತಗ್ಗಿಸಿ ಜಾಕಿನ ಹಿಡಿ ಒತ್ತಿದ.

ಎಂಜಿನ್ನು ಎದ್ದಿತು. ಗೇಣಷ್ಟು, ಮೊಳದಷ್ಟು, ಕಾರಿನ ಮೂತಿಗಿಂತ ಮೇಲಕ್ಕೆ. ಯಾರೋ ಭಲೇ ಎಂದರು. ಇನ್ನು ಕ್ರೇನನ್ನು ಹಿಂದಕ್ಕೆ ಎಳೆಯುವುದಷ್ಟೇ ಉಳಿದಿತ್ತು. ಎರಡು ಹೆಜ್ಜೆ ಸರಿಯಾಗಿ ಬಂತು. ಮೂರನೆಯದಕ್ಕೆ ಮುಂದಿನ ಗಾಲಿ ಕಲ್ಲುಚಪ್ಪಡಿಯ ಸಂದಿಗೆ ಸಿಕ್ಕಿತು. ಕ್ರೇನ್ ನಿಂತಿತು, ಎಂಜಿನ್ನು ನಿಲ್ಲಲಿಲ್ಲ; ಹಿಂದಕ್ಕೆ ತೂಗಿ, ಮರಳಿ ಮುಂದಕ್ಕೆ ಬೀಸಿತು. ಹಿಂದಿನ ಗಾಲಿಗಳು ನೆಲ ಬಿಟ್ಟದ್ದನ್ನು ಯಜಮಾನ ಕಂಡ. ಹಿಡಿಗೆ ಜೋತುಬಿದ್ದು ಎಳೆದ. ಅವನ ಮೈಭಾರ ಅದಕ್ಕೆ ಲೆಕ್ಕವೇ ಆಗಲಿಲ್ಲ.

ಎಂಜಿನ್ನು ಮೆಕ್ಯಾನಿಕ್‌ನ ಎದೆಯ ಮೇಲೆ ಬಿತ್ತು. ಎಂಟು ಜನ ಸೇರಿದರೂ ಅದನ್ನು ಎತ್ತಲು ಹಿಡಿತ ಸಿಗಲಿಲ್ಲ. ಇಬ್ಬರು ಅವನ ಮನೆಗೆ ಓಡಿ, ಮೂರು ಕಾಲಿನ ಕಂಬವನ್ನೂ ಚೈನ್ ಪುಲ್ಲಿಯನ್ನೂ ಹೊತ್ತು ತಂದರು. ಅದು ಎಂಜಿನ್ನನ್ನು ಸಲೀಸಾಗಿ ಎತ್ತಿತು. ಅಷ್ಟರಲ್ಲಿ ಎತ್ತಿ ಉಪಯೋಗವಿರಲಿಲ್ಲ.

ಹದಿಮೂರನೆಯ ದಿನ ಕಳೆದ ಮೇಲೆ ಯಜಮಾನ ಮೆಕ್ಯಾನಿಕ್‌ನ ಮನೆಗೆ ಹೋದ. ಅಕ್ಕಿ ಮೂಟೆ, ಬಟ್ಟೆ, ಹಣ್ಣು ಹೊರಿಸಿಕೊಂಡು ಹೋದ. ಮಗಳ ಓದು ನನ್ನದು, ಮದುವೆಯೂ ನನ್ನದು ಎಂದ. ಮೆಕ್ಯಾನಿಕ್‌ನ ಹೆಂಡತಿ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು.

“ಹೋಗಬೇಡಿ ಅಂದೆ,” ಎಂದಳು. “ಹೋಗದಿದ್ದರೆ ನೀವು ಅಂದದ್ದೇ ನಿಜ ಅಂತಾಗುತ್ತೆ ಅಂದ್ರು. ಅಷ್ಟೇ ಅಂದದ್ದು. ನನಗೆ ಅಕ್ಕಿ ಬೇಡ ಸ್ವಾಮಿ. ಆ ಅಂಗಡಿ ಮುಂದೆ ನಿಂತು, ಅವರು ಬಾಡಿಗೆ ಆಸೆಗೆ ಹೇಳಿದ್ದಲ್ಲ ಅಂತ ಒಂದು ಮಾತು ಹೇಳಿಬಿಡಿ.”

“ಹೇಳ್ತೀನಮ್ಮ,” ಎಂದ ಯಜಮಾನ. “ಆದರೆ ಈಗ ಬೇಡ. ಜನ ಸ್ವಲ್ಪ ಮರೆಯಲಿ.”

ಅವಳು ಮೂಟೆಯನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಅವನು ಹೊರಟ ಮೇಲೆ ಅದು ಮಳೆ ಬರುವವರೆಗೂ ಜಗುಲಿಯ ಮೇಲೆ ಹಾಗೆಯೇ ಇತ್ತು.

ಯಜಮಾನ ಹೇಳುವವನೇ ಇದ್ದ. ಮುಂದಿನ ವಾರ ಎಂದುಕೊಂಡ, ಹಬ್ಬ ಕಳೆಯಲಿ ಎಂದುಕೊಂಡ. ಆ ಒಂದು ಮಾತು ಹೇಳಿದರೆ, ಹಾಗಾದರೆ ಅವನನ್ನು ಆ ಕ್ರೇನಿನ ಮುಂದೆ ನಿಲ್ಲಿಸಿದವರು ಯಾರು ಎಂಬ ಪ್ರಶ್ನೆ ಬರುತ್ತಿತ್ತು. ಅದಕ್ಕೆ ಅವನ ಬಳಿ ಒಂದೇ ಉತ್ತರವಿತ್ತು. ಆದ್ದರಿಂದ ಅಂಗಡಿಯ ಬೀದಿಯನ್ನು ಬಿಟ್ಟು ಹಿಂದಿನ ಬೀದಿಯಲ್ಲಿ ಓಡಾಡತೊಡಗಿದ.

ಅವನು ಸುಮ್ಮನಿದ್ದ ಜಾಗವನ್ನು ಊರು ತುಂಬಿಸಿತು. ಮೆಕ್ಯಾನಿಕ್ ಅವತ್ತು ಕುಡಿದಿದ್ದ ಎಂದು ಒಬ್ಬರು ಹೇಳಿದರು. ಕ್ರೇನಿಗೆ ಕೆಟ್ಟ ಹೆಸರು ತರಲು ಬೇಕೆಂದೇ ಗಾಲಿ ಸಿಕ್ಕಿಸಿದ, ಮಾಡಿದ್ದು ತನ್ನ ಮೇಲೇ ಬಿತ್ತು ಎಂದು ಇನ್ನೊಬ್ಬರು ಹೇಳಿದರು. ಯಜಮಾನ ಯಾವುದನ್ನೂ ಹೇಳಲಿಲ್ಲ, ಯಾವುದನ್ನೂ ಅಲ್ಲಗಳೆಯಲಿಲ್ಲ. ಆರು ವರ್ಷದ ಮೇಲೆ ಮೆಕ್ಯಾನಿಕ್‌ನ ಮಗಳನ್ನು ನೋಡಲು ಗಂಡಿನವರು ಬಂದರು. ಊರ ಬಾಗಿಲಲ್ಲಿ ವಿಚಾರಿಸಿದಾಗ, ಬಾಡಿಗೆ ಆಸೆಗೆ ಸತ್ತನಲ್ಲ, ಅವನ ಮಗಳೇ ಎಂದು ಯಾರೋ ಕೇಳಿದರು. ಗಂಡಿನವರು ಅಲ್ಲಿಂದಲೇ ಬಸ್ಸು ಹತ್ತಿದರು. ತಾಯಿ ಮಗಳು ಊರು ಬಿಟ್ಟರು. ಎಲ್ಲಿಗೆ ಹೋದರೆಂದು ಯಜಮಾನ ಬಹಳ ಹುಡುಕಿಸಿದ. ಕೊನೆಗೆ ಹೇಳಬೇಕೆಂದು ಗಟ್ಟಿಮನಸ್ಸು ಮಾಡಿದಾಗ ಕೇಳುವವರು ಇರಲಿಲ್ಲ. ಅಂಗಡಿಯವನು ಸತ್ತಿದ್ದ, ಅವತ್ತು ನಕ್ಕವರಲ್ಲಿ ಅರ್ಧ ಜನ ಇರಲಿಲ್ಲ, ಇದ್ದವರಿಗೆ ನಕ್ಕದ್ದು ನೆನಪಿರಲಿಲ್ಲ. ಅವರಿಗೆಲ್ಲ ನೆನಪಿದ್ದುದು ಅವನು ಆಡಿದ ಮಾತು ಮಾತ್ರ.

ಮೇಷ್ಟ್ರು ಕತೆ ನಿಲ್ಲಿಸಿದರು. ಹೊರಡಲು ಎದ್ದಿದ್ದ ಉಳಿದ ಶಿಷ್ಯರು ನಿಂತಲ್ಲೇ ನಿಂತಿದ್ದರು.

ಕಾಂತಾಜಮ್ಮಣ್ಣಿ ಸೆರಗು ಸರಿಮಾಡಿಕೊಂಡರು. ಬೆನ್ನು ನೆಟ್ಟಗೆ ಮಾಡಿ ಕೂತು, ಪಾಠದ ಪುಸ್ತಕದಲ್ಲಿ ಕೊನೆಯ ತೂತಿನ ಅಂಕಿ ನೋಡಬೇಕು ಎಂದು ಬರೆದುಕೊಂಡರು. ಪೆನ್ನಿನ ಮುಚ್ಚಳ ಹಾಕಿದರು.

“ಅರ್ಥವಾಯಿತು ಮೇಷ್ಟ್ರೇ,” ಎಂದರು. “ಉದ್ದ ಕಾಲಿನ ಆ ಒಂದು ಟನ್ನಿನದನ್ನೇ ನಾಳೆ ತರಿಸುತ್ತೇನೆ. ಗುರುವಾರ ಖಲಂದರ್ ಬಂದಾಗ ಅವನಿಗೇನೂ ಅಪಾಯವಿರುವುದಿಲ್ಲ. ಅಲ್ಲಿಗೆ ಸರಿಹೋಯಿತಲ್ಲ?”

ಮೇಷ್ಟ್ರು ತಲೆ ಆಡಿಸಲಿಲ್ಲ. ಕಾಂತಾಜಮ್ಮಣ್ಣಿ ಉತ್ತರಕ್ಕೆ ಕಾದರು.

“ಅಮ್ಮಣ್ಣಿಯವರೇ, ಅದೇ ಅಂಗಡಿಯಲ್ಲಿ, ಆ ಹತ್ತು ಜನರೆದುರು, ಖಲಂದರ್ ಸಾಬರ ಕ್ಷಮೆ ಕೇಳಿ.”